ಪಕ್ಷೇತರನ ಮತ ಯಾರಿಗೆ?

ರಾಷ್ಟ್ರಪತಿಯ ಚುನಾವಣೆಯ ಸುದ್ದಿ ರೇಡಿಯೋದಲ್ಲಿ ಬಂದಾಗಲೆಲ್ಲ ನವಲಗುಂದ, ಅಣ್ಣಿಗೇರಿಗಳಂಥ ಊರುಗಳ ಮನೆಗಳಲ್ಲಿ ಒಂದು ಮಾತು ಏಳುವುದುಂಟು: "ದೇಶಕ್ಕೆಲ್ಲ ದೊಡ್ಡವರನ್ನು ಆರಿಸುತ್ತಾರೆ, ನಮ್ಮನ್ನು ಮಾತ್ರ ಒಬ್ಬರೂ ಕೇಳಲಿಲ್ಲವಲ್ಲ!" ಈ ಆಕ್ಷೇಪಣೆ ಸಹಜವಾದುದೇ. ಆದರೆ ಅದು ಅರ್ಧ ಮಾತ್ರ ನಿಜ. ನಿಮ್ಮನ್ನು ಕೇಳುವುದಿಲ್ಲವೆಂಬುದು ಸರಿ. ನೀವು ಆರಿಸಿ ಕಳಿಸಿದವರನ್ನು ಕೇಳುತ್ತಾರೆ. ಸಂವಿಧಾನದ 54ನೆಯ ವಿಧಿಯ ಮೇರೆಗೆ ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರೂ ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರೂ ಸೇರಿ ರಾಷ್ಟ್ರಪತಿಯನ್ನು ಆರಿಸುವರು. ನಾಮಕರಣಗೊಂಡವರಿಗೆ ಇಲ್ಲಿ ಮತವಿಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ.

ಹೀಗೆ ಮತ ಹಾಕುವ ಶಾಸಕನ ಒಂದು ಚೀಟಿ ಒಂದೇ ಮತವೆಂದು ತಿಳಿಯಬೇಡಿ. ಅದಕ್ಕೊಂದು ತೂಕವಿದೆ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. 1961ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2,35,86,772; 1967ರಲ್ಲಿ ಆರಿಸಿಬಂದ ವಿಧಾನಸಭೆಯ ಸ್ಥಾನಗಳು 216. ಲೆಕ್ಕ ಹಾಕಿ ನೋಡಿ, ಒಬ್ಬ ಶಾಸಕನ ಮತದ ತೂಕ 109 ಬರುತ್ತದೆ. ಆಗ ಒಬ್ಬ ಸಂಸತ್ಸದಸ್ಯನ ಮತದ ತೂಕ 576. 2022ರ ಚುನಾವಣೆಯಲ್ಲಿ ಕರ್ನಾಟಕದ ಶಾಸಕನ ಮತ 131 ಆಗಿತ್ತು. 1971ರ ಜನಸಂಖ್ಯೆಯನ್ನೇ ಆಧಾರವಾಗಿ ಇರಿಸಿಕೊಂಡು ಹಾಕಿದ ಲೆಕ್ಕ ಅದು. ನವಲಗುಂದದ ಶಾಸಕನಿಗೂ ಬೆಂಗಳೂರಿನ ಶಾಸಕನಿಗೂ ತೂಕ ಒಂದೇ.

ಆ ಮತಪತ್ರವೂ ನಾವು ಕಂಡಂಥದಲ್ಲ. ಅದರ ಮೇಲೆ ಚಿಹ್ನೆಗಳಿಲ್ಲ. ಅಭ್ಯರ್ಥಿಗಳ ಹೆಸರುಗಳಿರುತ್ತವೆ, ಹೆಸರಿನ ಎದುರಿಗೆ ಖಾಲಿ ಜಾಗವಿರುತ್ತದೆ. ಮತದಾರ ತನಗೆ ಎಲ್ಲರಿಗಿಂತ ಸೇರಿದವನ ಎದುರು 1 ಎಂದು ಬರೆಯಬೇಕು. ಇಷ್ಟವಿದ್ದರೆ ಉಳಿದವರ ಎದುರು 2, 3 ಎಂದೂ ಬರೆಯಬಹುದು. ಮೊದಲನೆಯ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕಡೆಯವನನ್ನು ತೆಗೆದು, ಅವನ ಚೀಟಿಗಳನ್ನು ಎರಡನೆಯ ಪ್ರಾಶಸ್ತ್ಯದ ಮೇರೆಗೆ ಉಳಿದವರಿಗೆ ಹಂಚುವರು. ಮತದಾನ ಗುಪ್ತವಾದುದು, ಪಕ್ಷಗಳು ಇಲ್ಲಿ ತಮ್ಮ ಸದಸ್ಯರಿಗೆ ಅಪ್ಪಣೆ ಹೊರಡಿಸಿ ಕಟ್ಟುವಂತಿಲ್ಲ. ನಿಯಮ ಹಾಗಿದ್ದರೂ ರೂಢಿಯಲ್ಲಿ ಪಕ್ಷದವನು ಪಕ್ಷದ ಮಾತಿನಂತೆಯೇ ಬರೆಯುತ್ತಾನೆ. ನಿಜವಾಗಿ ಯೋಚನೆ ಮಾಡಿ ಬರೆಯಬೇಕಾದವನು ಯಾವ ಗುಂಪಿಗೂ ಸೇರದ ಪಕ್ಷೇತರ. ಅವನ ಮನಸ್ಸು ಹೇಗೆ ಕೆಲಸ ಮಾಡೀತೆಂಬುದನ್ನು ನೋಡಬೇಕಾದರೆ 1969ರ ಚುನಾವಣೆಗಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನೆರೆಯಿತು. ಅದೇ ಸಮಯದಲ್ಲಿ ಕಾಂಗ್ರೆಸ್ ಪಾರ್ಲಿಮೆಂಟರಿ ಮಂಡಲಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಬಹುಮತದಿಂದ ಆರಿಸಿತು. ಪ್ರಧಾನಿಯವರು ಸೂಚಿಸಿದ್ದ ಹೆಸರು ಜಗಜೀವನರಾಮರದು. ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆ ಅಧ್ಯಾದೇಶಕ್ಕೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆಯಿತ್ತು, ಪಕ್ಷೇತರರಾಗಿ ಕಣಕ್ಕೆ ಇಳಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಸಿ. ಡಿ. ದೇಶಮುಖರನ್ನು ನಿಲ್ಲಿಸಿದವು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯವರೇ ಬಳಿಕ, ಸದಸ್ಯರು ಅಂತಃಕರಣ ಹೇಳಿದಂತೆ ಮತ ಹಾಕಲಿ ಎಂದರು. ಒಟ್ಟು ಹದಿನೈದು ಮಂದಿ ಕಣದಲ್ಲಿದ್ದರೂ ಲೆಕ್ಕಕ್ಕೆ ಬಂದವರು ಈ ಮೂವರೇ.

ಈಗ ನೀವೇ ಆಗಿನ ಮೈಸೂರು ವಿಧಾನಸಭೆಯ ಒಬ್ಬ ಪಕ್ಷೇತರರೆಂದು ಭಾವಿಸಿಕೊಳ್ಳಿ. ನಮ್ಮ ಕಡೆಯ ಎರೆಭೂಮಿಯ ಹತ್ತಿ-ಜೋಳದ ಒಕ್ಕಲುತನದ ಜನರೇ ನಿಮ್ಮನ್ನು ಕಳಿಸಿದ್ದಾರೆ. 216 ಮಂದಿಯಲ್ಲಿ ನಿಮ್ಮಂಥವರು 41. ನೀವು ಎಡದವರಲ್ಲ, ಬಲದವರೂ ಅಲ್ಲ. ರೈತನಿಗೆ ಬಡ್ಡಿ ಕಡಿಮೆಯಾಗಲಿ ಎನ್ನುವಿರಿ, ಹಾಗೆಂದು ಎಲ್ಲವೂ ಸರಕಾರದ ಕೈಗೆ ಹೋಗುವುದನ್ನೂ ಒಪ್ಪಲಾರಿರಿ. ವಿಧಾನಸೌಧದಲ್ಲಿ ಆಗಸ್ಟ್ 16ರಂದು ನಿಮ್ಮ ಕೈಗೆ ಚೀಟಿ ಬರುತ್ತದೆ. ಏನು ಬರೆಯುವಿರಿ?

ಮೊದಲ ಸಂಕಟ ಎಸ್. ನಿಜಲಿಂಗಪ್ಪನವರದು. ಕಾಂಗ್ರೆಸ್ಸಿನ ಅಧ್ಯಕ್ಷರು ಅವರು. ಅದಕ್ಕಿಂತ ಮುಖ್ಯವಾಗಿ, ಕರ್ನಾಟಕದ ಏಕೀಕರಣಕ್ಕೆ ದುಡಿದವರು, 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಮೊದಲ ಮುಖ್ಯಮಂತ್ರಿಯಾದವರು. ಅಂಥವರು ರೆಡ್ಡಿಯವರಿಗೆ ಮತ ಕೊಡಿರೆಂದರೆ ಈ ಭಾಗದವನು ಇಲ್ಲವೆನ್ನುವುದು ಸುಲಭವಲ್ಲ. ಮನೆಯ ಹಿರಿಯರು ಹೇಳಿದ ಸಂಬಂಧವನ್ನು ಬೇಡವೆಂದಂತೆಯೇ ಅದು. ರೆಡ್ಡಿಯವರೇನು ಅಯೋಗ್ಯರೆ? ಎಷ್ಟು ಮಾತ್ರಕ್ಕೂ ಅಲ್ಲ. ನಮ್ಮ ಗಡಿಯ ಆಚೆಯ ಅನಂತಪುರ ಜಿಲ್ಲೆಯ ಒಕ್ಕಲು ಮನೆತನದವರು, ಆಂಧ್ರದ ಮುಖ್ಯಮಂತ್ರಿಯಾಗಿದ್ದವರು, 1967ರಲ್ಲಿ ಲೋಕಸಭೆಯ ಅಧ್ಯಕ್ಷರಾದಾಗ ಪಕ್ಷದ ಸದಸ್ಯತ್ವವನ್ನು ಬಿಟ್ಟುಕೊಟ್ಟವರು. ತೊಡಕು ವ್ಯಕ್ತಿಯದಲ್ಲ, ಅವರನ್ನು ನಿಲ್ಲಿಸಿದ ಸಂದರ್ಭದ್ದು. ಒಂದೇ ಪಕ್ಷದ ಎರಡು ಪಾಳೆಯಗಳ ಜಗಳದಲ್ಲಿ ಒಂದು ಪಾಳೆಯದ ಕೈಯಲ್ಲಿ ಅವರ ಹೆಸರು ಇತ್ತು. ಪಕ್ಷದ ಅಧ್ಯಕ್ಷರು ಎರಡನೆಯ ಪ್ರಾಶಸ್ತ್ಯಕ್ಕಾಗಿ ಸ್ವತಂತ್ರ ಮತ್ತು ಜನಸಂಘದ ನಾಯಕರನ್ನು ಕಂಡು ಮಾತಾಡಿದರೆಂಬ ಸುದ್ದಿ ಆ ಜಗಳಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು.

ಗಿರಿಯವರು ಈ ರಾಜ್ಯಕ್ಕೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದರು. ರೈಲ್ವೆ ಕಾರ್ಮಿಕರ ಸಂಘಟನೆಯಿಂದ ಮೇಲೆ ಬಂದವರು. 1954ರಲ್ಲಿ ಬ್ಯಾಂಕು ನೌಕರರ ವೇತನದ ತೀರ್ಪನ್ನು ಸರಕಾರ ತಿದ್ದಿತೆಂದು ನೆಹರೂರವರ ಮಂತ್ರಿಮಂಡಲವನ್ನೇ ಬಿಟ್ಟು ಹೊರಬಂದರು. ಕುರ್ಚಿ ಬಿಡಬಲ್ಲವನ ಮೇಲೆ ನಮ್ಮ ಜನಕ್ಕೆ ಒಂದು ಗೌರವ ಇದ್ದೇ ಇದೆ. ಆದರೆ ಪಕ್ಷೇತರರೆಂದು ಕರೆಸಿಕೊಂಡವರ ಬೆನ್ನ ಹಿಂದೆ ಪ್ರಧಾನಿ ನಿಂತಿರುವರಲ್ಲ! ಕಮ್ಯುನಿಸ್ಟರೂ ದ್ರಾವಿಡ ಮುನ್ನೇತ್ರ ಕಳಗದವರೂ ನಿಂತಿರುವರಲ್ಲ! ನಾಳೆ ಈ ಋಣ ಹೇಗೆ ತೀರೀತು?

ಇನ್ನು ದೇಶಮುಖರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರು, ಆರು ವರ್ಷ ಹಣಕಾಸಿನ ಮಂತ್ರಿ, ಮುಂದೆ ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿ. 1956ರಲ್ಲಿ ಮುಂಬಯಿ ನಗರವನ್ನು ಮಹಾರಾಷ್ಟ್ರದಿಂದ ದೂರವಿಡುವುದನ್ನು ಒಪ್ಪದೆ ಅವರೂ ಮಂತ್ರಿಪದವನ್ನು ತೊರೆದವರು. ಇಲ್ಲಿ ಒಂದು ಮಾತು ಹೇಳಲೇಬೇಕು. ಮಹಾಜನ ಆಯೋಗದ ವರದಿ ಬಂದು ಆಗ ಎರಡೇ ವರ್ಷವಾಗಿತ್ತು. ಬೆಳಗಾವಿಯ ಮಾತು ಎತ್ತಿದರೆ ಧಾರವಾಡ ಸೀಮೆಯಲ್ಲಿ ಎಲ್ಲರಿಗೂ ಬಿಸಿಯೇರುತ್ತಿತ್ತು. ಮರಾಠಿಗರೆಂಬ ಕಾರಣದಿಂದಲೇ ದೇಶಮುಖರಿಗೆ ಮತ ಬೇಡವೆನ್ನುವವರು ಇದ್ದಿದ್ದರೆ ಆಶ್ಚರ್ಯವಿಲ್ಲ. ಅದು ಸಣ್ಣತನ. ತನ್ನ ನಾಡಿಗಾಗಿ ಪದವಿ ಬಿಟ್ಟವನನ್ನು ಏಕೀಕರಣಕ್ಕೆ ಹೋರಾಡಿದ ನಾವಲ್ಲದೆ ಮತ್ತಾರು ಅರಿತುಕೊಳ್ಳಬೇಕು?

ನನ್ನ ಮಧ್ಯಮಮಾರ್ಗದ ಪಕ್ಷೇತರ ದೇಶಮುಖರ ಎದುರು 1 ಎಂದು ಬರೆಯುತ್ತಾನೆ. ಮೂವರಲ್ಲಿ ಕಾಂಗ್ರೆಸ್ಸಿನ ಒಳಜಗಳದ ಹೊರಗೆ ಇದ್ದವರು ಅವರೊಬ್ಬರೇ. ಗೆಲ್ಲಲಾರರೆಂಬುದು ಅವನಿಗೆ ಗೊತ್ತು. ಆದರೂ ಈ ಪದ್ಧತಿಯಲ್ಲಿ ಮತ ಹಾಳಾಗದು. ಆದಕಾರಣ ನಿಜವಾದ ತೀರ್ಮಾನ ಇರುವುದು 2 ಎಂಬ ಅಂಕೆಯಲ್ಲಿ. ಅದನ್ನು ಅವನು ಗಿರಿಯವರ ಎದುರು ಬರೆಯುವನೆಂದು ನನ್ನ ಅಭಿಪ್ರಾಯ. ಋಣದ ಭಯ ಇದ್ದೂ ಹೀಗೇಕೆ? ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯುವವನು. ಪ್ರಧಾನಿಗೆ ಋಣಿಯಾದ ರಾಷ್ಟ್ರಪತಿ ಹೆಚ್ಚೆಂದರೆ ಮೆತ್ತಗಾದಾನು. ಆದರೆ ಸದನದಲ್ಲಿ ಬಹುಮತವಿರುವ ಪ್ರಧಾನಿಯನ್ನು ಬಾಗಿಸಬೇಕೆಂಬ ಹಟದಿಂದ ಒಬ್ಬನನ್ನು ಅಲ್ಲಿ ಕೂರಿಸಿದರೆ ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದಂತೆ. ಪ್ರಧಾನಿಯನ್ನು ನೇಮಿಸುವುದು, ಲೋಕಸಭೆಯನ್ನು ವಿಸರ್ಜಿಸುವುದು, ಇವೆರಡು ಸಂದರ್ಭಗಳಲ್ಲಿ ಆ ಎರಡನೆಯ ಒಲೆ ದೇಶಕ್ಕೆ ಅಪಾಯ. ಎರಡು ಕೆಡುಕುಗಳಲ್ಲಿ ಚಿಕ್ಕದನ್ನು ಆಯುವುದೆಂದರೆ ಇದೇ.

ಆಗಸ್ಟ್ 20ರ ಎಣಿಕೆ ಈ 2 ಎಂಬ ಅಂಕೆಯ ಬೆಲೆಯನ್ನು ತೋರಿಸಿತು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲುವಿಗೆ ಬೇಕಾದುದು 4,18,169. ಯಾರೂ ಮುಟ್ಟಲಿಲ್ಲ. ಉಳಿದವರ ಚೀಟಿಗಳನ್ನು ಹಂಚಿದಾಗ ರೆಡ್ಡಿಯವರಿಗೆ 91,879 ಕೂಡಿ ಬಂದವು. ಗಿರಿಯವರಿಗೆ ಬಂದವು 18,562 ಮಾತ್ರ. ಕಡೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ತೂಕದ ಲೆಕ್ಕದಲ್ಲಿ ಹದಿಮೂರು ಮಂದಿ ಸಂಸತ್ಸದಸ್ಯರು ಮಗ್ಗುಲು ಬದಲಿಸಿದ್ದರೆ ರಾಷ್ಟ್ರಪತಿಯೇ ಬೇರೆಯಾಗುತ್ತಿದ್ದರು. ದೇಶಮುಖರಿಗೆ 1 ಬರೆದವರಲ್ಲಿ ಬಹುಮಂದಿ ರೆಡ್ಡಿಯವರಿಗೆ 2 ಬರೆದರೆಂಬುದು ಸ್ಪಷ್ಟ. ಹಾಗೆ ಬರೆಯದ ಸ್ವಲ್ಪ ಜನರಿಂದ ಗಿರಿಯವರು ಗೆರೆ ದಾಟಿದರು. ನನ್ನ ಪಕ್ಷೇತರ ಆ ಸ್ವಲ್ಪ ಜನರ ಪೈಕಿ.

ಅವನ ಎಣಿಕೆ ಪೂರ್ತಿ ಸರಿಯಾಯಿತೆ? ಹೇಳುವುದು ಕಷ್ಟ. ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ ಇಂದಿರಾರವರನ್ನು ಹೊರಹಾಕಿತು, ಪಕ್ಷ ಎರಡಾಯಿತು. ಎರಡು ಒಲೆಯ ಭಯ ಹುಸಿಯಲ್ಲವೆಂದು ಅಷ್ಟರಿಂದ ಗೊತ್ತಾಯಿತು. ಆದರೆ ಋಣದ ಭಯವೂ ಹುಸಿಯಾಗಲಿಲ್ಲ. 1970ರ ಸಪ್ಟಂಬರದಲ್ಲಿ ರಾಜರ ಮಾನ್ಯತೆಯನ್ನು ರದ್ದುಗೊಳಿಸಿ ರಾಷ್ಟ್ರಪತಿಯ ಹೆಸರಿನಲ್ಲಿ ಹೊರಟ ಆಜ್ಞೆಯನ್ನು ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಅದಕ್ಕೆ ಸಹಿ ಹಾಕುವ ಮೊದಲು ಗಿರಿಯವರು ಇನ್ನೊಂದು ಸಲ ಯೋಚಿಸಬಹುದಿತ್ತು ಎಂದು ಅವರಿಗೆ ಮತವಿತ್ತವನೂ ಅಂದುಕೊಂಡಿರಬೇಕು.

ರೆಡ್ಡಿಯವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅವರು ಬರುವವರೆಗೆ ಐದು ತಿಂಗಳಿಗೂ ಮಿಕ್ಕಿ ಆ ಸ್ಥಾನವನ್ನು ಹಂಗಾಮಿಯಾಗಿ ನೋಡಿಕೊಂಡವರು ನಮ್ಮ ಜಮಖಂಡಿಯ ಕಡೆಯ ಬಿ. ಡಿ. ಜತ್ತಿಯವರು. 1979ರ ಆಗಸ್ಟಿನಲ್ಲಿ ಪ್ರಧಾನಿ ಚರಣಸಿಂಗರು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆಯಿತ್ತು ವಿಸರ್ಜನೆಯ ಸಲಹೆ ಕೊಟ್ಟಾಗ, ಸರಕಾರ ರಚಿಸಲು ಸಿದ್ಧರಿದ್ದ ಜನತಾ ಪಕ್ಷದ ನಾಯಕರನ್ನು ರೆಡ್ಡಿಯವರು ಕರೆಯಲಿಲ್ಲ, ಸದನವನ್ನೇ ವಿಸರ್ಜಿಸಿದರು. ಅದು ಸರಿಯೋ ತಪ್ಪೋ ಎಂಬ ವಾದ ಬಹುಕಾಲ ನಡೆಯಿತು. ಆ ನಾಯಕರ ಹೆಸರು ಜಗಜೀವನರಾಮ್, ಹತ್ತು ವರ್ಷ ಹಿಂದೆ ಬೆಂಗಳೂರಿನಲ್ಲಿ ರೆಡ್ಡಿಯವರ ಎದುರಿಗೆ ಸೂಚಿತವಾಗಿ ಬಿದ್ದುಹೋದ ಅದೇ ಹೆಸರು.