ಕುರಿಮರಿ ಹೊತ್ತ ಪೆನ್ನಿ

ಅಗಲದಲ್ಲಿ ನಮ್ಮ ಒಂದು ರೂಪಾಯಿ ನಾಣ್ಯದಷ್ಟು, ತೂಕದಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿರುವ ಈ ತೆಳು ಬೆಳ್ಳಿ ಪೆನ್ನಿಯ ಮೇಲೆ ರಾಜನ ಮುಖವಿಲ್ಲ. ಆ ಜಾಗದಲ್ಲಿ ನಿಂತಿರುವುದು ಒಂದು ಕುರಿಮರಿ. ತಲೆಯ ಸುತ್ತ ಪ್ರಭೆ, ಹಿಂದೆ ಶಿಲುಬೆ, ಕಾಲಡಿಯಲ್ಲಿ ಅಕ್ಷರ ಕೊರೆದ ಪುಟ್ಟ ಫಲಕ. ಅಂಚಿನುದ್ದಕ್ಕೂ ‘ಎಥೆಲ್‌ರೆಡ್, ಆಂಗ್ಲರ ಅರಸ’ ಎಂಬ ಲ್ಯಾಟಿನ್ ಬರಹ. ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿ ಮೇಲೇರುವ ಪಾರಿವಾಳ; ಅದರ ಸುತ್ತ ನಾಣ್ಯ ಟಂಕಿಸಿದವನ ಹೆಸರು, ಅವನ ಊರು. ಕುರಿಮರಿ ಕ್ರಿಸ್ತನ ಕುರುಹು, ಪಾರಿವಾಳ ಪವಿತ್ರಾತ್ಮದ್ದು. ನಾಣ್ಯ ಬಲ್ಲವರು ಇದನ್ನು ‘ಆಗ್ನುಸ್ ದೇಯಿ’, ಅಂದರೆ ‘ದೇವರ ಕುರಿಮರಿ’ ಪೆನ್ನಿ ಎನ್ನುತ್ತಾರೆ.

ಹಣದ ಮೇಲೆ ದೇವರು ಬಂದದ್ದು ಕಷ್ಟಕಾಲದಲ್ಲಿ. ಅದು 1009ನೇ ಇಸವಿ. ವೈಕಿಂಗರ ದಾಳಿಗೆ ಬೇಸತ್ತಿದ್ದ ಎಥೆಲ್‌ರೆಡ್ ಆ ವರ್ಷ ನಾಡಿನವರಿಂದೆಲ್ಲ ಹಡಗು ಕಟ್ಟಿಸಿ, ಕೆಂಟ್ ಕರಾವಳಿಯ ಸ್ಯಾಂಡ್‌ವಿಚ್ ಬಂದರಿನಲ್ಲಿ ದೊಡ್ಡ ನೌಕಾಪಡೆ ಸೇರಿಸಿದ್ದ. ಶತ್ರು ಬರುವ ಮೊದಲೇ ಅವನ ಸರದಾರರು ತಮ್ಮತಮ್ಮಲ್ಲೇ ಕಚ್ಚಾಡಿದರು. ಒಬ್ಬ 20 ಹಡಗು ಹಾರಿಸಿಕೊಂಡು ಹೋದ. ಅವನ ಬೆನ್ನು ಹತ್ತಿದ 80 ಹಡಗುಗಳನ್ನು ಬಿರುಗಾಳಿ ದಡಕ್ಕಪ್ಪಳಿಸಿತು, ಉಳಿದದ್ದಕ್ಕೆ ಓಡಿಹೋದವನೇ ಬೆಂಕಿಯಿಟ್ಟ. ಆಗಸ್ಟ್ ಹೊತ್ತಿಗೆ ವೈಕಿಂಗ್ ನಾಯಕ ಥಾರ್ಕೆಲ್‌ನ ದಂಡು ಅದೇ ಸ್ಯಾಂಡ್‌ವಿಚ್‌ಗೆ ಬಂದಿಳಿದಾಗ ತಡೆಯುವವರೇ ಇರಲಿಲ್ಲ.

ಇನ್ನು ದೇವರೇ ಗತಿ ಎನಿಸಿತು ಅರಮನೆಗೆ. ಬಾತ್ ಪಟ್ಟಣದಿಂದ ರಾಜಾಜ್ಞೆ ಹೊರಟಿತು: ಸೆಪ್ಟೆಂಬರ್ ಕೊನೆಯ ಮೈಕೇಲ್ ಸಂತನ ಹಬ್ಬಕ್ಕೆ ಮುನ್ನ ನಾಡಿಗೆ ನಾಡೇ 3 ದಿನ ಉಪವಾಸ ಮಾಡಬೇಕು. ರೊಟ್ಟಿ, ಸೊಪ್ಪು, ನೀರು, ಅಷ್ಟೇ ಆಹಾರ. ಒಡವೆ ಕಳಚಿಟ್ಟು ಬರಿಗಾಲಲ್ಲಿ ಚರ್ಚಿಗೆ ನಡೆಯಬೇಕು. ಗುಲಾಮರಿಗೂ ಆ 3 ದಿನ ದುಡಿಮೆಯಿಂದ ಬಿಡುವು. ಜೊತೆಗೆ ಭೂಮಿಯ ಲೆಕ್ಕದಲ್ಲಿ ಪೆನ್ನಿ ಕಾಣಿಕೆ. ಈ ಆಜ್ಞೆಯ ಒಕ್ಕಣೆ ಆರ್ಚ್‌ಬಿಷಪ್ ವುಲ್ಫ್‌ಸ್ಟಾನನದು. ಕುರಿಮರಿಯ ನಾಣ್ಯವೂ ಇದೇ ಪ್ರಾಯಶ್ಚಿತ್ತದ ಭಾಗ ಎಂದು ಇತಿಹಾಸಕಾರರು ನಂಬುತ್ತಾರೆ.

ಟಂಕಿಸುವ ಕೆಲಸ ಸರಳ. ಕೆಳಗಿನ ಅಚ್ಚನ್ನು ಮರದ ದಿಮ್ಮಿಗೆ ನೆಟ್ಟು, ಅದರ ಮೇಲೆ ಬೆಳ್ಳಿಯ ಬಿಲ್ಲೆಯಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದರೆ ಎರಡೂ ಮುಖ ಒಟ್ಟಿಗೇ ಮೂಡುತ್ತಿದ್ದವು. ಆದರೂ ಈ ಪೆನ್ನಿ ಹೆಚ್ಚು ಹೊರಬರಲಿಲ್ಲ. ಲಂಡನ್, ಯಾರ್ಕ್‌ನಂಥ ದೊಡ್ಡ ಟಂಕಸಾಲೆಗಳದ್ದು ಒಂದೂ ಸಿಕ್ಕಿಲ್ಲ. ಸಿಕ್ಕವು ಡರ್ಬಿ, ಸ್ಟಾಫರ್ಡ್‌ನಂಥ ಸಣ್ಣ ಊರುಗಳವು. ಸ್ವಲ್ಪ ಕಾಲದಲ್ಲೇ ರಾಜನ ಮುಖ ನಾಣ್ಯಕ್ಕೆ ಮರಳಿತು. ಇಂದು ಜಗತ್ತಿನಲ್ಲಿ ಉಳಿದಿರುವ ಕುರಿಮರಿ ಪೆನ್ನಿಗಳು ಇಪ್ಪತ್ತಕ್ಕಿಂತ ತುಸು ಹೆಚ್ಚು.

ಅವುಗಳಲ್ಲಿ ಬಹುಪಾಲು ಸಿಕ್ಕಿದ್ದು ಇಂಗ್ಲೆಂಡಿನಲ್ಲಲ್ಲ, ಸ್ಕ್ಯಾಂಡಿನೇವಿಯಾ ಮತ್ತು ಬಾಲ್ಟಿಕ್ ಸೀಮೆಯಲ್ಲಿ. ಯಾರಿಂದ ಕಾಪಾಡು ಎಂದು ಮೊರೆಯಿಟ್ಟು ಟಂಕಿಸಿದರೋ ಅವರ ನಾಡಿಗೇ ಬೆಳ್ಳಿ ಹೋಯಿತು. ಹಲವು ನಾಣ್ಯಗಳಿಗೆ ತೂತು ಕೊರೆದಿದ್ದಾರೆ ಇಲ್ಲವೇ ಕೊಂಡಿ ಬೆಸೆದಿದ್ದಾರೆ. ವೈಕಿಂಗರ ನಾಡಿನಲ್ಲಿ ಅವು ಕೊರಳ ಪದಕಗಳಾದವು. ಮುಂದೆ ಡೆನ್ಮಾರ್ಕಿನ ಟಂಕಸಾಲೆಗಳೂ ಈ ಕುರಿಮರಿಯನ್ನು ನಕಲು ಮಾಡಿದವು.

ಪ್ರಾರ್ಥನೆ ಫಲಿಸಲಿಲ್ಲ. 1012ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರನ್ನು ಸೆರೆಯಲ್ಲಿಟ್ಟಿದ್ದ ಥಾರ್ಕೆಲ್‌ನ ದಂಡು ಎಲುಬುಗಳಿಂದ ಹೊಡೆದು ಕೊಂದಿತು. ಅದೇ ವರ್ಷ ತೆತ್ತ ಕಪ್ಪ 48,000 ಪೌಂಡ್. ಪೌಂಡಿಗೆ 240ರಂತೆ 1 ಕೋಟಿ 15 ಲಕ್ಷಕ್ಕೂ ಹೆಚ್ಚು ಪೆನ್ನಿ. ಮರುವರ್ಷ ಎಥೆಲ್‌ರೆಡ್ ದೇಶ ಬಿಟ್ಟೇ ಓಡಬೇಕಾಯಿತು. ಕೈಲಾಗದ ದೊರೆ ಎಂದು ಚರಿತ್ರೆ ಅವನನ್ನು ಇಂದಿಗೂ ಹಳಿಯುತ್ತದೆ. ಹಳಿಯುವವರು ಈ ಪೆನ್ನಿಯನ್ನೂ ಸಾಕ್ಷಿಗೆ ಕರೆಯಬೇಕು. ಸೋಲುತ್ತಿದ್ದ ಆ ಅರಸನಿಗೆ, ತನ್ನ ಮುಖವನ್ನು ತಾನೇ ತೆಗೆಸಿಹಾಕಿ ಊರೆದುರು ತಪ್ಪೊಪ್ಪಿಕೊಳ್ಳುವಷ್ಟು ಎದೆಗಾರಿಕೆ ಒಮ್ಮೆಯಾದರೂ ಇತ್ತು.