ಪಲ್ಲಕ್ಕಿಯ ಮುಂದೆ ಐರ್ಲೆಂಡಿನ ಮಟ್ಟು

ಬಾಗಲಕೋಟೆ ಜಿಲ್ಲೆಯ ಚಿಮ್ಮಡದ ಕಡೆ ಪಲ್ಲಕ್ಕಿ ಹೊರಟರೆ ಮುಂದೆ ಕರಡಿ ಮಜಲಿನವರು ಇರಬೇಕು. ಸೊಂಟದ ಮಟ್ಟಕ್ಕೆ ತೂಗಿದ ಕರಡಿ ವಾದ್ಯ, ಕಿವಿ ಗುಂಯ್‌ಗುಡಿಸುವ ತಾಳ, ಮೇಲೆ ಶಹನಾಯಿಯಂತೆ ಊದುವ ಸನಾದಿ. ಮಟ್ಟು ಒಂದೇ, ದಾರಿ ಮಾತ್ರ ಉದ್ದ! ಹೊತ್ತವರ ಕಾಲು ನಿಲ್ಲುವುದಿಲ್ಲ, ಮಟ್ಟೂ ನಿಲ್ಲುವಂತಿಲ್ಲ. ಹಾಗಾದರೆ ಸನಾದಿಯವರು ಏನು ಮಾಡಬೇಕು? ತಿರುವಬೇಕು. ಎರಡನೇ ಸುತ್ತಿಗೆ ಒಂದು ಸ್ವರ ಜಾರಿಸಿ, ಮೂರನೆಯದಕ್ಕೆ ಒಂದು ಕಡೆ ಉಸಿರು ಹಿಡಿದು ನಿಲ್ಲಿಸಿ, ನಾಲ್ಕನೆಯದಕ್ಕೆ ಕೊನೆಯನ್ನೇ ಬೇರೆ ದಿಕ್ಕಿಗೆ ಒಯ್ದು.

ಈಗ ಸಮುದ್ರಗಳನ್ನು ದಾಟಿ! ಐರ್ಲೆಂಡಿನ ಕಾರ್ಕ್ ಮತ್ತು ಕೆರಿ ಸೀಮೆಗಳ ಗಡಿಯಲ್ಲಿ ಶ್ಲೀವ್ ಲೂಖ್ರ ಎಂಬ ಗುಡ್ಡಗಾಡು. ಅಲ್ಲಿನ ಜೀವ ಪೋಲ್ಕಾ ಎಂಬ ಕುಣಿತದ ಮಟ್ಟು. ಹುಟ್ಟಿದ್ದು ಬೊಹೀಮಿಯಾದಲ್ಲಿ, ಬೇರುಬಿಟ್ಟದ್ದು ಇಲ್ಲಿ. ಒಂದು-ಎರಡು, ಒಂದು-ಎರಡು, ಇಷ್ಟೇ ಅದರ ನಡೆ. ಎರಡು ಭಾಗ, ಒಂದೊಂದಕ್ಕೂ ಸಾಮಾನ್ಯವಾಗಿ ಎಂಟು ಆವರ್ತ, ಒಂದೊಂದನ್ನೂ ಎರಡು ಸಲ. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿದೇಹೋಯಿತು! ಕುಣಿಯುವವರು ಮಾತ್ರ ಇನ್ನೂ ಕುಣಿಯುತ್ತಲೇ ಇದ್ದಾರೆ. ಪಿಟೀಲಿನವನು ಮತ್ತೆ ಮೊದಲಿಗೆ ಬರುತ್ತಾನೆ, ಈ ಸಲ ಒಂದು ಜಾರು, ಮುಂದಿನ ಸಲ ಒಂದು ಸುರುಳಿ. ನಮ್ಮ ಸನಾದಿಯವರ ಸಂಕಟವೇ, ಅದರ ಪರಿಹಾರವೂ ಅದೇ! ಸೈನಿಕರ ಮಾರ್ಚ್ ಆಗಿದ್ದ ಧಾಟಿಯನ್ನು ಒಂದಿಷ್ಟು ಜೋರಾಗಿ ಓಡಿಸಿದರೆ ಅದು ಪೋಲ್ಕಾ ಆಗಿಬಿಡುವುದೂ ಉಂಟು.

ಕಲಿಸುವ ಬಗೆ ನೋಡಿ. ಪಾಡ್ರಿಗ್ ಓಕೀಫ್ (1887–1963) ಶಾಲಾ ಮಾಸ್ತರಿಕೆ ಬಿಟ್ಟ ಮೇಲೆ ಊರೂರಿಗೆ ನಡೆದೇ ಹೋಗಿ ಪಿಟೀಲು ಹೇಳಿಕೊಟ್ಟವನು. ಸ್ವರಲಿಪಿ ಓದಲು ಬಾರದ ರೈತರಿಗಾಗಿ ತನ್ನದೇ ಲಿಪಿ ಕಟ್ಟಿದ: ಗೆರೆಗಳ ನಡುವಿನ ಜಾಗವೆಂದರೆ ತಂತಿ, ಅಂಕಿಯೆಂದರೆ ಬೆರಳು. ಅತ್ತ ಶಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್, ಹುಟ್ಟಿನಿಂದ ಕಾರ್ಕಿನವನು, 1903ರಲ್ಲಿ 1,850 ಧಾಟಿಗಳನ್ನು ಒಂದೇ ಪುಸ್ತಕದಲ್ಲಿ ತಂದ. ಅವನು ಕಿವಿಯಿಂದ ಕಲಿತವನು, ಬರೆದುಕೊಟ್ಟವನು ಜೇಮ್ಸ್ ಓನೀಲ್. ಪೊಲೀಸ್ ಮುಖ್ಯಸ್ಥನೊಬ್ಬ ಧಾಟಿಗಳ ಬೆನ್ನುಹತ್ತಿದ್ದ, ನಂಬಿ!

ಐರಿಷ್ ಧಾಟಿ ನಮ್ಮ ನಾಡಿಗೆ ಹೊಸದೂ ಅಲ್ಲ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡ್ ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅವೇ ನೋಟ್ಟುಸ್ವರಗಳು, ಶಂಕರಾಭರಣದ ಸ್ವರಗಳಲ್ಲಿ. ಅವುಗಳಲ್ಲಿ ‘ವಂದೇ ಮೀನಾಕ್ಷಿ’ಯ ಬೇರು ಐರ್ಲೆಂಡಿನದು.

ಇನ್ನೂ ಒಂದಿದೆ, ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇದೇ. ಐರಿಷರ ಇಲಿಯನ್ ಪೈಪಿನ ನುಡಿಸುವ ಕೊಳವೆಗೂ ಸನಾದಿಗೂ ಜೋಡಿ ನಾಲಿಗೆಯ ಪೀಪಿ! ಅಲ್ಲಿ ಒಂದೇ ಸ್ವರ ಹಿಡಿದು ನಿಲ್ಲುವ ಕೊಳವೆಗಳು, ಇಲ್ಲಿ ಶ್ರುತಿ ಹಿಡಿಯುವ ಜೊತೆಗಾರ. ಅವರ ಉಸಿರು ಚೀಲದಲ್ಲಿ, ಮೊಳಕೈಯಿಂದ ತಿದಿಯೊತ್ತಿ ತುಂಬಿದ್ದು. ನಮ್ಮವರ ಉಸಿರು ಗಲ್ಲದಲ್ಲಿ! ಆ ಪೈಪಿನ ವಾದನ 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮ ಸನಾದಿ? ಬೀಳಗಿಯ ಸನಾದಿ ಅಪ್ಪಣ್ಣನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಲು ರಾಜಕುಮಾರ್ ಚಿತ್ರವೇ ಬೇಕಾಯಿತು, ಅದರಲ್ಲಿ ಶಹನಾಯಿ ನುಡಿಸಲು ಬಿಸ್ಮಿಲ್ಲಾ ಖಾನರೇ ಬಂದರು. ಅಪ್ಪಣ್ಣನ ಊರಿನಿಂದ ಚಿಮ್ಮಡ ದೂರವೇನಲ್ಲ.

ಐರಿಷ್ ಮಟ್ಟೊಂದನ್ನು ನುಡಿಸಲು ಈ ಸೀಮೆಯ ಸನಾದಿಯವರು ಯಾರಾದರೂ ಒಪ್ಪಿದರೆ ಮೊದಲು ಕೇಳಿಸಬೇಕಾದ ಮಟ್ಟು ನನಗೆ ಗೊತ್ತಿದೆ: ಕಾರ್ಕ್ ಸೀಮೆಯ ಪೇಟೆಯೊಂದರ ಹೆಸರು ಹೊತ್ತ ‘ರೇಕ್ಸ್ ಆಫ್ ಮ್ಯಾಲೋ’. ಸ-ಗ, ಸ-ಗ ಎಂದು ಕುಪ್ಪಳಿಸುತ್ತ ಶುರುವಾಗುತ್ತದೆ, ಬಿಲಾವಲ್ ಸ್ವರಗಳು ಸಾಕು. ವೇಗ ಅರ್ಧಕ್ಕೆ ಇಳಿಸಿ, ಕರಡಿಯವರಿಗೆ ಎರಡರ ನಡೆ ಕೊಟ್ಟು, ಪಲ್ಲಕ್ಕಿಯ ದಾರಿಗೆ ಬಿಡಬೇಕು. ಮೊದಲ ಸುತ್ತು ಐರ್ಲೆಂಡಿನದೇ ಇರಲಿ, ಎರಡನೆಯ ಸುತ್ತಿನ ಜಾರು ಯಾರದೆಂದು ಕೇಳಿದ ಕೂಡಲೇ ತಿಳಿಯುತ್ತದೆ.