ದುರ್ಗಮ ನೆಲದಲ್ಲಿ ಆರು ಚಕ್ರದ ವಾಹನ: ಸಾಮರ್ಥ್ಯ ಮತ್ತು ಚಾಲನಾ ಕೌಶಲ

ತೋಟ, ಗಣಿ, ವಿದ್ಯುತ್ ಮಾರ್ಗಗಳ ನಿರ್ವಹಣೆ, ಭೂಸಮೀಕ್ಷೆ ಮೊದಲಾದ ಕಾರ್ಯಗಳಿಗಾಗಿ ರಸ್ತೆಯಿಲ್ಲದ ಕಡೆ ಸರಕು ಸಾಗಿಸಬೇಕಾದ ಉದ್ಯಮಿಗಳಿಗೆ ಆರು ಚಕ್ರದ ವಾಹನವು ಸಹಜವಾಗಿಯೇ ಆಕರ್ಷಕವಾಗಿ ಕಾಣುತ್ತದೆ. ನಾಲ್ಕು ಚಕ್ರದ ವಾಹನ ಹೂತುಹೋಗುವಲ್ಲಿ ಇದು ದಾಟಿಹೋಗುತ್ತದೆ ಎಂಬುದು ಮಾರಾಟಗಾರರ ಮುಖ್ಯ ವಾದ. ಈ ವಾದ ಸುಳ್ಳಲ್ಲ. ಆದರೆ ಒಬ್ಬ ಚಾಲಕನ ಕೈಯಲ್ಲಿ ಕೆಸರನ್ನು ದಾಟಿದ ಯಂತ್ರವೇ ಇನ್ನೊಬ್ಬನ ಕೈಯಲ್ಲಿ ಅದೇ ಕೆಸರಿನಲ್ಲಿ ನಿಂತುಬಿಡುವುದುಂಟು. ಬೆಲೆಪಟ್ಟಿಯಲ್ಲಿ ಕಾಣಿಸದ ಈ ವ್ಯತ್ಯಾಸವೇ ಖರೀದಿದಾರನ ಲಾಭನಷ್ಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಮಾಮೂಲು ಲಾರಿಯಂತೆ ಮುಂದಿನ ಚಕ್ರಗಳನ್ನು ಹೊರಳಿಸಿ ತಿರುಗುವಂಥದು. ಆಸ್ಟ್ರಿಯದ ಸ್ಟೈರ್-ಡೈಮ್ಲರ್-ಪೂಖ್ ಕಂಪನಿಯು 1971ರಿಂದ ತಯಾರಿಸಿದ ಪಿಂಟ್ಸ್‌ಗೌವರ್ ಸರಣಿಯ ಆರು ಚಕ್ರದ ಮಾದರಿ ಇದಕ್ಕೆ ಪ್ರಸಿದ್ಧ ನಿದರ್ಶನ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಿಇಎಂಎಲ್ ಸಂಸ್ಥೆಯು ಭಾರತೀಯ ಸೇನೆಗೆ ಒದಗಿಸಿದ ಟಾಟ್ರಾ ಮೂಲದ ಭಾರೀ ಟ್ರಕ್ಕುಗಳೂ ಇದೇ ಪಂಗಡಕ್ಕೆ ಸೇರಿದವು. ಇನ್ನೊಂದು ಬಗೆಯಲ್ಲಿ ಯಾವ ಚಕ್ರವೂ ಹೊರಳುವುದಿಲ್ಲ. ಒಂದು ಬದಿಯ ಮೂರು ಚಕ್ರಗಳನ್ನು ತಡೆದರೆ ವಾಹನ ಆ ಬದಿಗೆ ತಿರುಗುತ್ತದೆ. ಕೆನಡಾದ ಆರ್ಗೊ ಈ ಬಗೆಯದು. ಅದನ್ನು 1967ರಲ್ಲಿ ಹೊರತಂದ ಒಂಟಾರಿಯೊ ಡ್ರೈವ್ ಅಂಡ್ ಗೇರ್ ಕಂಪನಿಯು 1962ರಲ್ಲಿ ಗೇರು ತಯಾರಿಕೆಗೆಂದು ಆರಂಭವಾದದ್ದು. ಬಿಡಿಭಾಗ ತಯಾರಕರು ಪೂರ್ಣ ವಾಹನದ ತಯಾರಕರಾದ ಈ ಸಂಗತಿ ಸಣ್ಣ ಉದ್ಯಮಿಗಳ ಗಮನಕ್ಕೆ ಅರ್ಹವಾದದ್ದು. ಈ ಲೇಖನದ ಬಹುಭಾಗ ಈ ಎರಡನೆಯ ಬಗೆಯನ್ನು ಕುರಿತದ್ದು.

ನೆಲದ ಮೇಲಿನ ಒತ್ತಡ

ಆರ್ಗೊ ಮಾದರಿಯ ವಾಹನಗಳಲ್ಲಿ ಸ್ಪ್ರಿಂಗುಗಳಿಲ್ಲದ ಮಾದರಿಗಳೇ ಬಹುಕಾಲ ಪ್ರಧಾನವಾಗಿದ್ದವು. ದಪ್ಪನೆಯ ಮೆದು ಟೈರುಗಳೇ ಅವುಗಳ ಸ್ಪ್ರಿಂಗು. ಕಾರಿನ ಟೈರಿನಲ್ಲಿ ಸುಮಾರು 30 ಪಿಎಸ್‌ಐ ಗಾಳಿಯಿದ್ದರೆ ಇವುಗಳಲ್ಲಿ ಇರುವುದು 5 ಪಿಎಸ್‌ಐ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಟೈರಿನ ಗೋಡೆಯ ಬಿಗುವನ್ನು ಬಿಟ್ಟು ಲೆಕ್ಕ ಹಾಕಿದರೆ, ಟೈರು ನೆಲದ ಮೇಲೆ ಹೇರುವ ಒತ್ತಡವು ಒಳಗಿನ ಗಾಳಿಯ ಒತ್ತಡಕ್ಕೆ ಸರಿಸುಮಾರು ಸಮ. 4 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 0.28 ಕಿಲೊ. ಸರಕೂ ಸೇರಿ 800 ಕಿಲೊ ತೂಗುವ ವಾಹನದ ಪ್ರತಿ ಚಕ್ರದ ಮೇಲೆ ಸುಮಾರು 133 ಕಿಲೊ ಬೀಳುತ್ತದೆ. ಅದನ್ನು ಹೊರಲು ಒಂದೊಂದು ಟೈರು ಸುಮಾರು 475 ಚದರ ಸೆಂಟಿಮೀಟರ್ ನೆಲವನ್ನು ತಬ್ಬಬೇಕು. ಅದೇ ಭಾರ ನಾಲ್ಕೇ ಚಕ್ರಗಳ ಮೇಲಿದ್ದರೆ ಪ್ರತಿ ಟೈರಿಗೆ 710 ಚದರ ಸೆಂಟಿಮೀಟರಿಗೂ ಹೆಚ್ಚು ಬೇಕಾಗುತ್ತದೆ. ಸಣ್ಣ ಟೈರು ಅಷ್ಟು ಚಪ್ಪಟೆಯಾಗದೆ ನೆಲದೊಳಕ್ಕೆ ಇಳಿಯುತ್ತದೆ.

ಇಷ್ಟರಮಟ್ಟಿಗೆ ಯಂತ್ರದ ಗುಣ. ಜೌಗುನೆಲದಲ್ಲಿ ಭಾರವನ್ನು ಹೊರುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಮೇಲೆ ಹೆಣೆದುಕೊಂಡ ಹುಲ್ಲಿನ ಬೇರುಗಳ ಪದರ. ನಿಧಾನವಾಗಿ, ಒಂದೇ ಸಮನೆ ಸಾಗುವ ಚಾಲಕ ಆ ಪದರದ ಮೇಲೆಯೇ ದಾಟುತ್ತಾನೆ. ಗಾಬರಿಯಿಂದ ಆಕ್ಸಿಲರೇಟರ್ ಒತ್ತಿದವನ ಚಕ್ರಗಳು ಪದರವನ್ನು ಕತ್ತರಿಸಿಬಿಡುತ್ತವೆ. ಆ ಮೇಲೆ ಆರೂ ಚಕ್ರಗಳು ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ. ಹೆಚ್ಚಿನ ಗೇರಿನಲ್ಲಿ ಕೆಸರಿಗೆ ಇಳಿದರೆ ಎಂಜಿನ್ನಿನ ಬೆಲ್ಟು ಜಾರಿ ಸುಡುತ್ತದೆ. ಅಂಥ ಸ್ಥಳಕ್ಕೆ ಮುನ್ನವೇ ಕೆಳ ಗೇರಿಗೆ ಬರುವುದು ಕಡ್ಡಾಯ.

ಗಾಳಿಯ ಪ್ರಮಾಣವನ್ನು ಅಳೆಯಲು ಸಾಧಾರಣ ಗ್ಯಾರೇಜಿನ ಗೇಜು ಸಾಲದು, ಕಡಿಮೆ ಒತ್ತಡದ ಗೇಜೇ ಬೇಕು. ಒಂದು ಬದಿಯ ಮೂರು ಚಕ್ರಗಳು ಸರಪಳಿಗಳಿಂದ ಬಂಧಿತವಾಗಿ ಒಂದೇ ವೇಗದಲ್ಲಿ ತಿರುಗುವುದರಿಂದ, ಒಂದು ಟೈರಿನಲ್ಲಿ ಗಾಳಿ ಕಡಿಮೆಯಾಗಿ ಅದರ ಸುತ್ತಳತೆ ಕುಗ್ಗಿದರೆ ಸರಪಳಿ ಸದಾ ಎಳೆತಕ್ಕೆ ಸಿಕ್ಕುತ್ತದೆ. ಸರಪಳಿ ಬೇಗ ಸವೆಯಿತೆಂದು ತಯಾರಕನನ್ನು ದೂರುವ ಮುನ್ನ ಮಾಲೀಕರು ಗಾಳಿಯನ್ನು ಪರೀಕ್ಷಿಸುವುದು ಒಳಿತು.

ತಿರುವು, ಹಳ್ಳ, ನೀರು

ಹೊರಳದ ಚಕ್ರಗಳ ವಾಹನ ತಿರುಗುವಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಅಡ್ಡಡ್ಡಲಾಗಿ ಉಜ್ಜುತ್ತವೆ. ಗಟ್ಟಿನೆಲದಲ್ಲಿ ಟೈರು ಸವೆಯುತ್ತದೆ, ಮೆದುನೆಲದಲ್ಲಿ ಮಣ್ಣು ಬದಿಗೆ ರಾಶಿಯಾಗಿ ಚಕ್ರವನ್ನು ತಡೆಯುತ್ತದೆ. ಸನ್ನೆಕೋಲನ್ನು ಬಿಡದೆ ಎಳೆದು ಹಿಡಿದರೆ ಬ್ರೇಕು ಕಾಯುವುದಲ್ಲದೆ ಎಂಜಿನ್ನಿನ ಶಕ್ತಿಯೂ ಶಾಖವಾಗಿ ವ್ಯರ್ಥವಾಗುತ್ತದೆ. ಪಳಗಿದ ಚಾಲಕ ತಿರುವನ್ನು ಗಟ್ಟಿನೆಲದಲ್ಲಿ ಮುಗಿಸಿ ಕೆಸರಿಗೆ ನೇರವಾಗಿ ಇಳಿಯುತ್ತಾನೆ. ಅನಿವಾರ್ಯವಾದರೆ ಸನ್ನೆಕೋಲನ್ನು ತುಸು ಎಳೆದು ಬಿಟ್ಟು, ಮತ್ತೆ ಎಳೆದು, ಅಗಲವಾಗಿ ತಿರುಗಿಸುತ್ತಾನೆ.

ಹಳ್ಳ ದಾಟುವುದರಲ್ಲಿ ನಡುವಣ ಚಕ್ರಗಳ ಉಪಯೋಗ ಸ್ಪಷ್ಟ. ಮುಂದಿನ ಚಕ್ರಗಳು ಗಾಳಿಯಲ್ಲಿದ್ದಾಗ ಉಳಿದ ನಾಲ್ಕು ನೆಲದ ಮೇಲಿರುತ್ತವೆ. ಆದರೆ ಹಿಂದಿನ ಚಕ್ರಗಳು ಹಳ್ಳದ ಮೇಲೆ ಬಂದಾಗ ಸರಕೆಲ್ಲ ಹಿಂಬದಿಯಲ್ಲಿದ್ದರೆ ವಾಹನದ ಬಾಲ ಹಳ್ಳಕ್ಕೆ ಕುಸಿಯುತ್ತದೆ. ಆದ್ದರಿಂದ ಭಾರವು ನಡುವಣ ಅಚ್ಚಿನ ಸಮೀಪ ಇರಬೇಕು. ಈ ಹೊಣೆ ಚಾಲಕನಷ್ಟೇ ಸರಕು ತುಂಬುವವನದೂ ಹೌದು. ದಿಣ್ಣೆಯ ನೆತ್ತಿಯಲ್ಲಾದರೆ ಸ್ಪ್ರಿಂಗಿಲ್ಲದ ವಾಹನದ ಪೂರ್ಣ ಭಾರ ಕ್ಷಣಕಾಲ ನಡುವಣ ಎರಡು ಚಕ್ರಗಳ ಮೇಲೆಯೇ ನಿಂತು, ವಾಹನ ತಕ್ಕಡಿಯಂತೆ ಮುಂದಕ್ಕೆ ವಾಲುತ್ತದೆ. ವೇಗವಾಗಿ ಬಂದ ಚಾಲಕನಿಗೆ ಆಗ ಹಿಡಿತ ತಪ್ಪುತ್ತದೆ.

ಇವು ನೀರಿನಲ್ಲಿ ತೇಲುತ್ತವೆ, ಟೈರಿನ ಹಲ್ಲುಗಳೇ ಹುಟ್ಟುಗಳಂತೆ ನೀರನ್ನು ತಳ್ಳುತ್ತವೆ. ಈ ವೇಗ ಮನುಷ್ಯನ ನಡಿಗೆಯನ್ನು ಮೀರುವುದಿಲ್ಲ. ಕೆರೆಗೆ ಇದು ಸಾಕು. ಹರಿಯುವ ಹೊಳೆ ವಾಹನವನ್ನು ತನ್ನ ದಿಕ್ಕಿಗೇ ಒಯ್ಯುತ್ತದೆ. ನೀರಿನಲ್ಲಿ ಹೊರಬಹುದಾದ ಭಾರವು ನೆಲದ ಮೇಲಿನದಕ್ಕಿಂತ ಕಡಿಮೆ ಎಂಬುದನ್ನು ಅನೇಕರು ಓದದೆಯೇ ಬಿಡುತ್ತಾರೆ. ತಳದ ಬಿರಡೆಯನ್ನು ಹಾಕದೆ ನೀರಿಗಿಳಿಯುವುದು ಎಲ್ಲಕ್ಕಿಂತ ಕ್ಷುಲ್ಲಕವಾದ, ಎಲ್ಲಕ್ಕಿಂತ ದುಬಾರಿಯಾದ ತಪ್ಪು.

ಹೊರಳುವ ಚಕ್ರಗಳ ದೊಡ್ಡ ವಾಹನಗಳಲ್ಲಿ ಕೌಶಲವೆಲ್ಲ ಡಿಫರೆನ್ಷಿಯಲ್ ಲಾಕಿನಲ್ಲಿದೆ. ಪಿಂಟ್ಸ್‌ಗೌವರ್‌ನಲ್ಲಿ ಇದನ್ನು ಚಲಿಸುತ್ತಿರುವಾಗಲೇ ಹಾಕಬಹುದು. ಚಕ್ರ ಜಾರಲು ಆರಂಭಿಸುವ ಮೊದಲೇ ಹಾಕಬೇಕು, ಗಟ್ಟಿನೆಲ ಸಿಕ್ಕ ಕೂಡಲೇ ತೆಗೆಯಬೇಕು. ತೆಗೆಯಲು ಮರೆತರೆ ತಿರುವಿನಲ್ಲಿ ಚಕ್ರಗಳ ವೇಗದ ಅಂತರಕ್ಕೆ ಎಡೆಯಿಲ್ಲದೆ ಅಚ್ಚು ಮತ್ತು ಗೇರುಗಳು ತಿರುಚಲ್ಪಡುತ್ತವೆ.

ಖರೀದಿಗೆ ಮುನ್ನ

1988ರ ಮೋಟಾರು ವಾಹನ ಅಧಿನಿಯಮದ 39ನೆಯ ಪ್ರಕರಣದಂತೆ ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲೆಂದು ರೂಪಿಸಿದ ವಿಶೇಷ ಬಗೆಯ ವಾಹನವನ್ನು ಅಧಿನಿಯಮದ ವ್ಯಾಖ್ಯೆ ಹೊರಗಿರಿಸಿದೆ. ಎರಡು ತೋಟಗಳ ನಡುವೆ ಸಾರ್ವಜನಿಕ ರಸ್ತೆ ಹಾದುಹೋಗುವ ಮಾಲೀಕರು ಈ ಅಂಶವನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು.

ಪ್ರಾತ್ಯಕ್ಷಿಕೆಯಲ್ಲಿ ವಾಹನವನ್ನು ನಡೆಸುವವನು ಸಾಮಾನ್ಯವಾಗಿ ಮಾರಾಟಗಾರನ ನುರಿತ ಚಾಲಕ. ನೆಲವೂ ಅವನು ಆರಿಸಿದ್ದೇ. ಖರೀದಿದಾರರು ತಮ್ಮ ಚಾಲಕನನ್ನೇ ಕೂರಿಸಿ, ತಮ್ಮ ನೆಲದಲ್ಲಿ, ಮಳೆ ಬಿದ್ದ ಮರುದಿನ, ಪೂರ್ಣ ಸರಕಿನೊಡನೆ ಓಡಿಸಿ ನೋಡಬೇಕು. ತರಬೇತಿಯ ದಿನಗಳು, ವಿಂಚ್, ಒಂದು ಜೊತೆ ಸರಪಳಿ ಮತ್ತು ಬೆಲ್ಟುಗಳ ಬೆಲೆಯನ್ನು ಅದೇ ದರಪತ್ರದಲ್ಲಿ ಸೇರಿಸಿ ಬರೆಸಿಕೊಳ್ಳಬೇಕು.